ಹಲ್ಲಿ ಪಾಲು

ನಮ್ಮ ಖೋಲಿಗೆ ಮೀಟರಿಲ್ಲ.
ಬಾಸ್ತ್ಯಾಂವನ ಬೋರ್ಡಿನಿಂದ ಗ್ವಾಡಿಗುಂಟ ಒಂದು ವಾಯರು,
ನಡುವ ಒಂದು ಗಂಟು, ಗಂಟಿಗೆ ಸುತ್ತಿದ ಕರೇ ಪಟ್ಟಿ,
ಪಟ್ಟಿ ಮ್ಯಾಲ ರಾತ್ರಿಯೆಲ್ಲಾ ಒಂದು ಹಲ್ಲಿ.

ತಿಂಗಳ ಮುಗೀತಂದ್ರ ಅಂವಾ ಹೊಸ್ತಿಲಾಚೆ ನಿಂತು
ಬೆರಳು ಮಡಚತಾನ:
ಇಸ್ತ್ರಿ ಮ್ಯಾಲ ಬರದೈತಿ ಸಾವಿರ ವ್ಯಾಟು,
ದಿನಾ ರಾತ್ರಿ ಐದು ತಾಸು, ಮೂವತ್ತು ದಿನ,
ನೂರೈವತ್ತು ಯೂನಿಟ್ಟು, ಯೂನಿಟ್ಟಿಗೆ ಹತ್ತು.
"ಹಿಶೋಬ್ ಸಾರ್ಕೊ, ಫಕೀರವ್ವ."
ಹದಿನೈದು ನೂರು ಎಣಿಸಿ ಕೊಡತಿದ್ದೆ.
ಬರದದ್ದಕ್ಕ ಎದುರಾಡಾಕ ನನಗ ಓದಾಕ ಬರೂದಿಲ್ಲ.

ಆದರ ಕೈಗೆ ಗೊತ್ತಿತ್ತು.
ಐತಾರ ಮಧ್ಯಾಹ್ನ ಹಾಸ್ಟೆಲ್ ಹುಡುಗರ ಅರ್ಜಂಟ್ ಅಂಗಿ
ಒಂದೇ ಎಳತಕ್ಕ ಮಲಗತಾವ.
ರಾತ್ರಿ ಇಡೀ ಝುವಾರಿನಗರ ಟಿವಿ ಹಚ್ಚಿ, ಪಂಪು ಹಚ್ಚಿ,
ಬಲ್ಬು ಕುಂಬಳ ಹೂವಿನ ಬಣ್ಣಕ್ಕ ಇಳಿದ ಮ್ಯಾಲ
ನೇವಿಯವರ ಬಿಳಿ ಕಾಲರು, ಮೂರು ಸಲ ಒತ್ತಿದರೂ
ಹಟ ಹಿಡಿದ ಕೂಸಿನಂಗ ತಲಿ ಎತ್ತತೈತಿ.

ಹುಲಿಗೆಮ್ಮ ವಾಸ್ಕೊ ಐಟಿಐದಾಗ ಎರಡನೇ ವರ್ಷ.
ಗಾವಣಕರ ಸರ್ ಕಡೆ ಬೇಡಿ ತಂದಳು
ಏಡಿ ಕೊಂಡಿಯಂಥ ಬಾಯಿದ್ದ ಒಂದು ಮೀಟರು.
ಇಸ್ತ್ರಿ ದಾರ ಸೀಳಿ ಒಂದೇ ಎಳಿ ಅದರ ಬಾಯಿಗೆ ಕೊಟ್ಟಳು.
ಎರಡೂ ಕೊಟ್ಟರ ಸೊನ್ನಿ ತೋರಸ್ತೈತಂತ,
ಹೋಗೂದು ಬರೂದು ಒಂದನ್ನೊಂದು ನುಂಗತಾವಂತ.
ಹಗಲು ಇನ್ನೂರಾ ಮೂವತ್ತು ವೋಲ್ಟು, ನಾಕು ಪಾಯಿಂಟ್ ಆರು ಆಂಪು.
ಭಾಗಿಸಿ "ಐವತ್ತು" ಅಂದಳು.
ಏನದು ಐವತ್ತು?
"ಅದು ತಡಿ, ಯವ್ವಾ."
ತಡದೀನಿ, ಹೇಳು, ಅಂದೆ.
ಮೀಟರ್ ಕೆಳಗಿಟ್ಟು ನಗಾಕ ಹತ್ತಿದಳು.

ರಾತ್ರಿ ಎಂಟಕ್ಕ ಮತ್ತ ಹಿಡಿದಳು:
ನೂರಾ ಎಂಬತ್ತು, ಮೂರು ಪಾಯಿಂಟ್ ಆರು.
ಭಾಗಿಸಿದರ ಅದs ಐವತ್ತು.
ಗುಣಿಸಿದರ ಮಾತ್ರ, ಹಗಲು ಸಾವಿರದ ಐವತ್ತೆಂಟಿದ್ದದ್ದು
ಆರನೂರಾ ನಲವತ್ತೆಂಟಕ್ಕ ಬಂದು ಕುಂತಿತ್ತು.
ವೋಲ್ಟು ಇಳಿದರ ಆಂಪೂ ಅದರ ಬೆನ್ನ ಹತ್ತಿ ಇಳೀತೈತಿ,
ಕಾವಿಗೆ ಎರಡೂ ಕಡಿಂದ ಪೆಟ್ಟು.

ಬಾಸ್ತ್ಯಾಂವನ ಬೋರ್ಡಿಗೆ ಹೋಗಿ ನೋಡಿದರ ನೂರಾ ಎಂಬತ್ತೈದು.
ಐದು ವೋಲ್ಟು ಹಾದ್ಯಾಗ ಎಲ್ಲಿ ಹೋತು?
ನಾ ಗ್ವಾಡಿ ತೋರಿಸಿದೆ.
ಹಲ್ಲಿ ಹೊಟ್ಟಿ ಕಾಸಿಕೊಂತ ಮಲಗಿತ್ತು.
ಐದು ಮೂರು ಪಾಯಿಂಟ್ ಆರಲೆ
ಹದಿನೆಂಟು ವ್ಯಾಟು.

ಅಂವಾ ಬಂದಾಗ ಬಾಗಿಲ ತುಂಬ ಸುಣ್ಣದ ಅಂಕಿ.
ಹುಲಿಗೆಮ್ಮ ಕನ್ನಡದಾಗ ಸುರು ಮಾಡಿ ಕೊಂಕಣಿಗೆ ಹೊಳ್ಳಿದಳು.
ಬೋರ್ಡಿನಿಂದ ಹಿಡಿದರೂ ಆರನೂರಾ ಅರವತ್ತಾರು,
ನೂರೈವತ್ತು ತಾಸಿಗೆ
ಒಂಬೈನೂರಾ ತೊಂಬತ್ತೊಂಬತ್ತು ರೂಪಾಯಿ.
ಹಲ್ಲಿ ಲೊಚಗುಟ್ಟಿತು.
ಸತ್ಯ, ಸತ್ಯ, ಅಂತ ನಾ ನೆಲಕ್ಕ ಬೆರಳು ಬಡದೆ.

ಅಂವಾ ಚಾಳೀಸು ಏರಿಸಿಕೊಂಡ.
ಇಪ್ಪತ್ತೆರಡು ವರ್ಷ ಹಡಗಿನ ಹೊಟ್ಟ್ಯಾಗ ಜನರೇಟರ್ ಕಾದಿದ್ದನಂತ,
ಅವತ್ತs ಗೊತ್ತಾದದ್ದು.
ಹುಡಿಗಿ ಕೈಯಾಗಿನ ಸುಣ್ಣದ ಕಡ್ಡಿ ಇಸಗೊಂಡು
ಹದಿನೆಂಟರ ಕೆಳಗ ಬರದ:
ಎರಡು ಪಾಯಿಂಟ್ ಏಳು ಯೂನಿಟ್ಟು. ಇಪ್ಪತ್ತೇಳು ರೂಪಾಯಿ.
ಅದನ್ನೂ ಕಳದ. ಒಂಬೈನೂರಾ ಎಪ್ಪತ್ತೆರಡು.
"ವಾಯರ್ ನಂದು," ಅಂದ.
ಹಿಂದಿನ ಹದಿನಾಕು ತಿಂಗಳ ಮಾತು ಎತ್ತಲಿಲ್ಲ.
ಹುಲಿಗೆಮ್ಮ ಎತ್ತಾಕ ಬಾಯಿ ತೆರೆದಿದ್ದಳು,
ನಾ ಅಕಿ ಓಡಣಿ ಜಗ್ಗಿದೆ.

ಮಂಗಳವಾರ ಅಂವನs ಬಂದು ಗಂಟು ಬಿಚ್ಚಿ,
ತಾಮ್ರ ತಿಕ್ಕಿ, ಬಿಗಿದು, ಹೊಸಾ ಪಟ್ಟಿ ಸುತ್ತಿ ಹೋದ.
ಕಾಲರು ಇನ್ನೂ ತಲಿ ಎತ್ತತಾವ.
ನಾಕೈದು ವೋಲ್ಟಿಗೆ ಏನು ಮಹಾ.

ಹೊತ್ತಿಗೆ ಸರಿಯಾಗಿ ಹಲ್ಲಿ ಬಂತು.
ಗಂಟಿನ ಮ್ಯಾಲ ಹೊಟ್ಟಿ ಊರಿತು,
ಒಂದೀಟು ಮುಂದ ಸರಿದು ಮತ್ತ ಊರಿ ನೋಡಿತು.
ನಾ ಇಸ್ತ್ರಿ ನೆಟ್ಟಗ ನಿಲ್ಲಿಸಿ ಕುಂತೆ.
ಅದು ಸಾವಕಾಶ
ಬಲ್ಬಿನ ಕಡೆ ನಡೀತು.