ಚೀಟಿ

ಮೂವತ್ತೊಂದು ವರ್ಷ ತದಡಿಯ ಅಂಚೆಕಚೇರಿಯಲ್ಲಿ
ಚೀಟಿಗೆ ನಾಲಿಗೆ ತಾಗಿಸಿದವನು ನಾನು.
ಅಂಟಿನ ರುಚಿ ಈಗಲೂ ಬಾಯಲ್ಲಿದೆ.
ಹಚ್ಚಿದ್ದೆಲ್ಲ ಎಲ್ಲಿಗೋ ಮುಟ್ಟಿತು:
ಅಂಕೋಲೆಗೆ, ವಾಸ್ಕೋಗೆ, ದುಬೈಗೆ.

ಶಾಣು ನಾಲಿಗೆಗಿಟ್ಟದ್ದು ಉಗುರಿನಷ್ಟೂ ಇರಲಿಲ್ಲವಂತೆ.
ಮೇಲೊಂದು ನಗುವ ಸೂರ್ಯ.
ಕುಡ್ಲೆಯ ಶೆಡ್ಡಿನಲ್ಲಿ ಯಾರೋ ಕೊಟ್ಟರಂತೆ,
ಪುಕ್ಕಟೆ.

ಸಮುದ್ರ ಗದ್ದೆಯಾಗಿ ಕಂಡಿತಂತೆ. ನಡೆದ.
ನೀರು ಗಂಟಲಮಟ್ಟ ಬಂದಾಗ
ಬೀರಪ್ಪ ಅಂಬಿಗ ದೋಣಿಗೆ ಎಳೆದು ಹಾಕಿದ,
ಬಲೆಯೊಟ್ಟಿಗೆ.
ಕುಮಟೆಯ ಆಸ್ಪತ್ರೆಯಲ್ಲಿ ಮೈ ಕಾದ ಹಂಚು,
ನಾಡಿ ನೂರೈವತ್ತು ದಾಟಿತ್ತು,
ಒದ್ದೆ ಕಾಗದದ ಮೇಲಿನ ಶಾಯಿಯಂತೆ
ಕಣ್ಣಪಾಪೆ ಹರಡಿತ್ತು.
ನನ್ನ ಮುಖ ನೋಡಿ ಕಿರುಚಿದ.
ಯಾರನ್ನು ಕಂಡನೋ, ಇದುವರೆಗೆ ಕೇಳಿಲ್ಲ.

"ಇಳಿಯಿತು," ಎಂದರು ಡಾಕ್ಟರು ಮರುದಿನ.
"ಕೆಲವರಿಗೆ ಮರಳಿ ಬರುತ್ತದೆ,
ಮತ್ತೆ ಮುಟ್ಟದಿದ್ದರೂ."

ಎಂಟು ತಿಂಗಳಾಯಿತು.
ರಾತ್ರಿ ಬಂಗಡೆಯ ಮುಳ್ಳು ಬಿಡಿಸುತ್ತ ಕೂತವನು
"ಅಪ್ಪಾ, ಗೋಡೆ ಉಸ್ರಾಡ್ತಿದ್ಯಾ?" ಅನ್ನುತ್ತಾನೆ,
ಮಳೆ ಬಂತಾ ಎಂದು ಕೇಳಿದ ಹಾಗೆ.
ಎದ್ದು ಹೋಗಿ ಗೋಡೆಗೆ ಅಂಗೈ ಒತ್ತುತ್ತೇನೆ.
ಇಲ್ಲ ಮಗಾ. ಸುಣ್ಣ, ಬರೀ ಸುಣ್ಣ.
ಅವನು ಮತ್ತೆ ತುತ್ತು ಎತ್ತುವವರೆಗೂ
ಕೈ ತೆಗೆಯುವುದಿಲ್ಲ.