ಸಜ್ಜಿಗೆ ಇಲ್ಲದೆ ಬಜಿಲ್

ಏಳು ತಿಂಗಳ ಮೇಲೆ ಇವತ್ತು
ನಾಲ್ಕು ಗಂಟೆಯ ಚಾಕ್ಕೆ ಹೊರಟೆವು, ವಾರಿಜ ಮತ್ತು ನಾನು.
ಜೆಪ್ಪುವಿನಿಂದ ಬಸ್ಸು, ಹಂಪನಕಟ್ಟೆಯಲ್ಲಿ ಇಳಿದು
ಬಂದರಿನ ಕಡೆಗೆ ಇಳಿಜಾರು.
ಮಾರ್ಚಿನ ಬಿಸಿಲು; ಕೊಡೆಯ ಕೆಳಗೂ ಬೆವರು.
ಚೀಲದಲ್ಲಿ ನನ್ನದೇ ಚಮಚ,
ಕೈವಸ್ತ್ರದಲ್ಲಿ ಸುತ್ತಿ,
ಕದ್ದ ಮಾಲಿನ ಹಾಗೆ.

ಹೋಟೆಲು ಅದೇ. ಕಲ್ಲಿನ ಮೇಜಿನ ಒಡೆದ ಮೂಲೆ ಅದೇ.
ಟ್ರೈನಿಂಗಿನ ಕಾಲದಲ್ಲಿ ಇಲ್ಲೇ
ಒಂದು ಬನ್ಸನ್ನು ಎರಡು ಮಾಡಿ ತಿಂದವರು ನಾವು,
ದೊಡ್ಡ ತುಂಡು ಯಾರಿಗೆಂದು
ಬಸ್‌ಸ್ಟ್ಯಾಂಡಿನವರೆಗೂ ಜಗಳಾಡಿದವರು.

"ದಾನೆ ಬೋಡು ಟೀಚರ್?" ಎಂದ ಲಿಂಗಪ್ಪ,
ಉತ್ತರಕ್ಕೆ ಕಾಯದೆ ಶುರುಮಾಡಿದ:
ಬನ್ಸ್, ಗೋಳಿಬಜೆ, ಬಿಸ್ಕುಟ್ ರೊಟ್ಟಿ, ಸಜ್ಜಿಗೆ ಬಜಿಲ್.
ಒಂದೊಂದು ಹೆಸರಿಗೂ ನಾನು ಮನಸ್ಸಿನೊಳಗೆ
ಕೆಂಪು ಶಾಯಿಯಲ್ಲಿ ತಪ್ಪು ಹಾಕುತ್ತ ಹೋದೆ:
ಮೈದಾ, ಮೈದಾ, ಮೈದಾ, ರವೆ.

"ಸಜ್ಜಿಗೆ ಬೇಡ. ಬಜಿಲ್ ಮಾತ್ರ."
ಅವನ ಮುಖ ನೋಡಬೇಕಿತ್ತು:
ಮದುಮಗಳನ್ನು ಬಿಟ್ಟು
ಮದುಮಗನನ್ನು ಮಾತ್ರ ಊಟಕ್ಕೆ ಕರೆದ ಹಾಗೆ.
"ಎರಡಕ್ಕೂ ಒಂದೇ ಸೌಟಲ್ಲವಾ ಟೀಚರ್."

ಹೇಗೆ ಹೇಳುವುದು?
ಚಿಕ್ಕಂದಿನಿಂದ ನಾನು ಕಡ್ಡಿ. ಹುಳ ಎಂದರು, ದೃಷ್ಟಿ ಎಂದರು,
ಅಮ್ಮ ಹರಕೆ ಹೇಳಿ ಮೇಣದ ಬತ್ತಿ ಹಚ್ಚಿದಳು,
ಗ್ಯಾಸ್ ಎಂದರು, ಮುಟ್ಟು ನಿಲ್ಲುವ ವಯಸ್ಸು ಎಂದರು.
ಒಬ್ಬ ಡಾಕ್ಟರು ಬರೆದೇ ಕೊಟ್ಟ: ಅನ್ನ ಬಿಡಿ, ಚಪಾತಿ ತಿನ್ನಿ.
ಎರಡು ವರ್ಷ ತಿಂದೆ,
ಹೊತ್ತಿಗೆ ಮೂರರಂತೆ, ಮಾತ್ರೆಯ ಶ್ರದ್ಧೆಯಿಂದ.
ಕೊನೆಗೆ ಐವತ್ತಮೂರನೆಯ ವರ್ಷದಲ್ಲಿ
ನನ್ನ ವಿದ್ಯಾರ್ಥಿನಿಯ ವಯಸ್ಸಿನ ಡಾಕ್ಟರು ಹುಡುಗಿ
ಕಾಗದದ ಮೇಲೆ ಕರುಳು ಬಿಡಿಸಿ
ಹುಲ್ಲು ಬೋಳಾದ ಗುಡ್ಡೆ ತೋರಿಸಿದಳು.
ಊರಿಗೆ ಊರೇ ಗೋಧಿಗೆ ತಿರುಗಿದ ಹೊತ್ತಿನಲ್ಲಿ
ನಾನೊಬ್ಬಳು ವಾಪಸು, ಕುಚ್ಚಲಕ್ಕಿ ಗಂಜಿಗೆ.

ಆದಿತ್ಯವಾರ ನಾಲಗೆಯ ಮೇಲಿಡುವ
ಆ ತೆಳು ಬಿಳಿ ಬಿಲ್ಲೆಯೂ ಗೋಧಿಯೇ.
ಫಾದರ್ ತುಂಬಾ ಯೋಚಿಸಿ
ನಿಮಗೆ ದ್ರಾಕ್ಷಾರಸ ಮಾತ್ರ ಸಾಕು ಎಂದರು.
ಹಿಂದಿನ ಬೆಂಚಿನ ಸೆವ್ರಿನ್ ಬಾಯಿ ಅಂದಿನಿಂದ
ನನ್ನನ್ನು ಒಂದು ಥರಾ ನೋಡುತ್ತಾಳೆ.
ಇದನ್ನೆಲ್ಲ ಲಿಂಗಪ್ಪನಿಗೆ ಹೇಳಲಾಗುತ್ತದಾ?
"ಗೋಧಿ ಆಗುವುದಿಲ್ಲ," ಎಂದೆ.
"ಸ್ವಲ್ಪವೂ?"
"ಸ್ವಲ್ಪವೂ."

ಒಳಗಿನಿಂದ ಸುಬ್ರಾಯ ಭಟ್ರು ಬಂದರು
ಬೈರಾಸಿಗೆ ಕೈ ಒರೆಸುತ್ತ.
ಇಡ್ಲಿ ಆಗುತ್ತದಲ್ಲ? ಸಾಂಬಾರು ಬಿಸಿ ಉಂಟು.
"ಸಾಂಬಾರಿಗೆ ಇಂಗು ಯಾವುದು ಭಟ್ರೇ?"
ಡಬ್ಬಿ ತಂದರು. ಕನ್ನಡಕ ಏರಿಸಿದರು.
ಸಾಸಿವೆಗಿಂತ ಸಣ್ಣ ಅಕ್ಷರ; ತುಟಿ ಮಾತ್ರ ಅಲುಗುತ್ತಿತ್ತು.
"ಗೋಧಿ ಹಿಟ್ಟು."
ಮತ್ತೊಮ್ಮೆ ಓದಿದರು.
"ಮೂವತ್ತೆರಡು ವರ್ಷದಿಂದ ಹಾಕ್ತಾ ಇದ್ದೇನೆ ಮಾರಾಯ್ರೆ,
ಇದರೊಳಗೆ ಹಿಟ್ಟುಂಟೆಂದು ಒಬ್ಬ ಹೇಳಲಿಲ್ಲ."
ನನಗಿಂತ ಅವರಿಗೇ ಹೆಚ್ಚು ನೋವಾದಂತಿತ್ತು.

ಒಳಗೆ ಹೋದರು, ಬಂದರು.
"ಬೆಳಗ್ಗೆ ನನಗೆಂದು ಬೇಯಿಸಿದ ಪುಂಡಿ, ಎರಡು ಉಳಿದಿದೆ.
ಅಕ್ಕಿ, ಕಾಯಿ, ಉಪ್ಪು. ಮತ್ತೆ ಎಂತದೂ ಇಲ್ಲ."
ತಟ್ಟೆಗೆ ಮುಟ್ಟಿಸದೆ, ಬಾಳೆಲೆಯ ತುಂಡಿನಲ್ಲಿ,
ಒಂದು ಚೂರು ಬೆಲ್ಲದೊಟ್ಟಿಗೆ, ಎರಡೂ ಕೈಯಲ್ಲಿ ಹಿಡಿದು ತಂದರು.
ತಣ್ಣಗಿತ್ತು. ಒಂದು ಬದಿ ಒಣಗಿತ್ತು.
ಚಾದ ಗುಟುಕಿನ ನಡುನಡುವೆ ಮೆಲ್ಲ ತಿಂದೆ.
ಚಮಚ ಚೀಲದಲ್ಲೇ ಉಳಿಯಿತು.

ವಾರಿಜ ಬರೀ ಚಾ ಹೇಳಿ ಕೂತಿದ್ದಳು
ಏಕಾದಶಿಯ ಮುಖ ಮಾಡಿಕೊಂಡು.
"ನಾಟಕ ಬೇಡ ಮಾರಾಯ್ತಿ, ಬನ್ಸ್ ತರಿಸು."
ಬಂತು. ಉಬ್ಬಿ, ಕಂದಾಗಿ, ಮೈಮೇಲೆ ಜೀರಿಗೆ.
"ಮೆಲ್ಲ ಹರಿ," ಎಂದೆ, "ಈ ಕಡೆ ತಿರುಗಿಸಿ."
ಬಾಳೆಹಣ್ಣಿನ ಬಿಸಿ ಎದ್ದು
ನನ್ನ ಕನ್ನಡಕ ಮಬ್ಬಾಯಿತು.
"ಭಟ್ರೇ, ಆವಿಯಲ್ಲಿ ಗೋಧಿ ಇರುತ್ತದಾ?"
ಅವರು ನಗಲಿಲ್ಲ.
ಇಂಗಿನ ಡಬ್ಬಿ ಇನ್ನೂ ಕೈಯಲ್ಲೇ ಇತ್ತು;
ತಿರುಗಿಸಿ, ಬೆಳಕಿಗೆ ಹಿಡಿದು,
ಮತ್ತೆ ಮೊದಲಿಂದ ಓದತೊಡಗಿದರು.