ಊದುಗೊಳವೆ

ರಾತ್ರಿ ಮೂರಕ್ಕೆ ಇಪ್ಪತ್ತೇಳನೇ ಲಾರಿ ನಿಂತಿತು,
ಗಣಿಯ ಏರುದಾರಿಯ ನಟ್ಟನಡುವೆ,
ಮುನ್ನೂರು ಟನ್ ತಾಮ್ರದ ಕಲ್ಲು ಹೊತ್ತು.
ಒಳಗೆ ಯಾರೂ ಇಲ್ಲ. ಇರುವುದೂ ಇಲ್ಲ.
ಕಲಾಮದ ಕಂಟ್ರೋಲ್ ರೂಮಿನಿಂದ ರೇಡಿಯೋ ಗೊರಗುಟ್ಟಿತು:
"ನಯಾದೆತ್, ಅದರ ಮುಂದೆ ಗೋಡೆಯಿದೆಯಂತೆ."

ಅಟಕಾಮದ ಈ ಬೋಳು ಬಯಲಲ್ಲಿ ಯಾವ ಗೋಡೆ?
ಹೋಗಿ ನೋಡಿದೆ.
ಮುಂದೆ ಹೋದ ಲಾರಿ ಎಬ್ಬಿಸಿದ ಧೂಳು
ಕೆಳಗಿಳಿಯಲು ಮನಸ್ಸಿಲ್ಲದೆ
ದೀಪದ ಬೆಳಕಲ್ಲಿ ತೂಗಾಡುತ್ತಿತ್ತು, ಅಷ್ಟೇ.
ಮನುಷ್ಯನಾದರೆ ಬೈದುಕೊಂಡು ನುಗ್ಗಿಬಿಡುತ್ತಿದ್ದ.
ಇದು ಪಾಪದ್ದು.
ಕಣ್ಣಿಗೆ ಮಣ್ಣೆರಚುವುದೆಂದರೆ
ಇದಕ್ಕೆ ಬರೀ ಮಾತಲ್ಲ, ದಿನದ ಪಾಡು.

ಏಣಿ ಹತ್ತಿದೆ.
ಹಣೆಯ ಮೇಲೆ ಎರಡು, ಕೆನ್ನೆಗೊಂದೊಂದು
ಎವೆಯಿಲ್ಲದ ಕಣ್ಣುಗಳು.
ಒಂದೊಂದರ ಪಕ್ಕಕ್ಕೂ ಒಂದು ಊದುಗೊಳವೆ,
ಉಗುರಿನಷ್ಟು ತೆಳ್ಳಗಿನ ಸೀಳುಬಾಯಿ.
ಧೂಳು ಕೂತಿತೆಂದರೆ ಅರೆಕ್ಷಣ
ಸ್ಸ್ ಎಂದು ಗಾಜಿನ ಮೈಗಂಟಿಯೇ ಹರಿಯುತ್ತದೆ ಗಾಳಿ,
ರೊಟ್ಟಿಯಡಿ ಸಟ್ಟುಗ ನುಗ್ಗಿದ ಹಾಗೆ.

"ಬಟ್ಟೆ ಯಾಕಾಗದು?" ಎಂದು ಮೊದಲ ವಾರ ಕೇಳಿದ್ದೆ.
ದೋನ್ ಎಲೆಯುತೇರಿಯೋ, ಇಪ್ಪತ್ತೆರಡು ವರ್ಷ
ಇದೇ ದಾರಿಯಲ್ಲಿ ಸ್ಟೀರಿಂಗ್ ಹಿಡಿದವನು,
ಈಗ ಸ್ಟೋರಿನಲ್ಲಿ ನಟ್ಟು ಎಣಿಸುವವನು,
ತನ್ನ ಕನ್ನಡಕ ತೆಗೆದು ಕೈಗಿತ್ತ.
ಅಂಗಿಯ ಚುಂಗಿನಿಂದ ಒರೆಸಿ ಒರೆಸಿ
ಗಾಜೆಲ್ಲ ಬೆಕ್ಕು ಪರಚಿದ ಹಾಗೆ.
"ಈ ಧೂಳಿಗೆ ಹಲ್ಲಿದೆ ಮಗಳೇ.
ಉಜ್ಜಿದರೆ ಕಚ್ಚುತ್ತೆ. ಊದಿದರೆ ಹೋಗುತ್ತೆ."
ಅಷ್ಟು ಹೇಳಿ ಕೆಮ್ಮಿದ.
ಕೆಮ್ಮು ನಿಲ್ಲುವವರೆಗೆ
ಅವನ ನಟ್ಟುಗಳನ್ನು ನಾನು ಎಣಿಸಿದೆ.

ತೋಕೊನ್ಸೆಯಲ್ಲಿ ಅಜ್ಜಿಯ ಒಲೆಗೂ ಒಂದು ಊದುಗೊಳವೆಯಿತ್ತು,
ಹಳೆಯ ನೀರಿನ ಪೈಪಿನ ತುಂಡು.
ನಮ್ಮ ಕಣ್ಣಲ್ಲಿ ಕಸ ಬಿದ್ದರೆ ಅದನ್ನೇ ದೂರ ಹಿಡಿದು
"ಅಲ್ಲಾಡಬೇಡ" ಎಂದು ಊದುತ್ತಿದ್ದಳು.
ಬೂದಿ, ಕೋಕಾ ಎಲೆ, ಚೂರು ಉಗುಳು
ಎಲ್ಲ ಬೆರೆತ ಉಸಿರು.
ಲಾರಿಯ ಕಣ್ಣಿಗೆ ಅಂಥದ್ದು ಆಗಿಬರುವುದಿಲ್ಲ.
ಅದಕ್ಕೆ ಬೇಕು ಒಣಗಿಸಿದ, ಸೋಸಿದ, ಮಡಿಯ ಗಾಳಿ.
ತೇವವಿದ್ದರೆ ಈ ಚಳಿಗೆ ಹೆಪ್ಪುಗಟ್ಟುತ್ತದೆ,
ಎಣ್ಣೆಯಿದ್ದರೆ ಧೂಳಿಗೆ ಹಾಸಿಗೆ ಹಾಸುತ್ತದೆ.

ಇವತ್ತು ಆದದ್ದೂ ಅದೇ.
ಗಾಜಿನ ಅಂಚಿಗೆ ಬೆರಳಿಟ್ಟೆ: ಜಿಡ್ಡು.
ಕಂಪ್ರೆಸರಿನ ಸೀಲು ಹರಿದು
ತೊಳೆಯಬೇಕಾದ ಗಾಳಿಯೇ ಬಳಿಯುತ್ತಿತ್ತು
ಇಡೀ ವಾರ, ಒಂದು ಪಾಳಿಯೂ ತಪ್ಪಿಸದೆ,
ಬಲು ಶ್ರದ್ಧೆಯಿಂದ.
(ಇಂಥವರನ್ನು ಆಫೀಸಿನಲ್ಲೂ ಕಂಡಿದ್ದೇನೆ.)

ಸೀಲು ಬದಲಿಸಿ, ಫಿಲ್ಟರು ಬಿಚ್ಚಿ
ಒಂದು ಚಮಚ ಕರಿನೀರು ನೆಲಕ್ಕೆ ಚೆಲ್ಲಿದೆ.
ಮಳೆ ಕಾಣದ ನೆಲ, ಅದನ್ನೂ ಕುಡಿಯಿತು.
ಜಿಡ್ಡು ತೆಗೆದು, ಮತ್ತೆ ಗಾಳಿ ಬಿಟ್ಟು
ಊದುಗೊಳವೆಗೆ ಮಣಿಕಟ್ಟು ಒಡ್ಡಿದೆ.
ತಣ್ಣಗೆ, ಸಪೂರವಾಗಿ, ದಾರ ಎಳೆದ ಹಾಗೆ.
ಬೂದಿಯ ವಾಸನೆಯಿಲ್ಲ.
ಯಾರ ವಾಸನೆಯೂ ಇಲ್ಲ.

ಇಳಿದು ಅದರೆದುರು ನಿಂತೆ, ಕೈಯೆತ್ತಿ.
ಟ್ಯಾಬ್ಲೆಟ್ಟಿನಲ್ಲಿ ಗೋಡೆ ಕರಗಿತು.
ಆ ಜಾಗದಲ್ಲಿ ಚುಕ್ಕಿ ಚುಕ್ಕಿಯಾಗಿ ಮೂಡಿದಳು
ಒಬ್ಬ ಹೆಂಗಸು. ಹೆಲ್ಮೆಟ್ಟು. ಎತ್ತಿದ ಕೈ.
ಗೆರೆ ಎಳೆಯುವ ಮುನ್ನ ಇಟ್ಟ ಚುಕ್ಕಿಗಳು,
ಎಳೆಯುವವರು ಎಲ್ಲೋ ಎದ್ದು ಹೋಗಿದ್ದಾರೆ.
ನಾನು ಪಕ್ಕಕ್ಕೆ ಸರಿಯುವವರೆಗೂ
ಮುನ್ನೂರು ಟನ್ನು ಮಿಸುಕಲಿಲ್ಲ.
ಸರಿದೆ. ಹೋಯಿತು.

ಹೋಗುತ್ತ ಎಬ್ಬಿಸಿದ ಧೂಳಲ್ಲೊಂದು ಕಣ
ನೇರ ನನ್ನ ಎಡಗಣ್ಣಿಗೆ.
ಕೈ ತಾನಾಗಿ ಮೇಲೆದ್ದಿತು, ತಡೆದೆ.
ಉಜ್ಜಬಾರದು.
ಎವೆ ಬಿಡಿಸಿ ಹಿಡಿದು, ಅಲ್ಲಾಡದೆ ನಿಂತೆ,
ಯಾರಾದರೂ ಊದುವರೇನೋ ಎಂಬಂತೆ.
ಈ ಸೀಮೆಯಲ್ಲಿ ಗಾಳಿ ಏಳುವುದು
ಮಧ್ಯಾಹ್ನದ ಮೇಲೆ.